ಮೇಲೆ ಹೋದ ಮೇಲೂ ಕೆಲಸ ಬದಲಿಸುವ ಉಪಗ್ರಹ: ಲಾಭ ಯಾರಿಗೆ, ಹೊರೆ ಯಾರಿಗೆ?

ದೂರಸಂಪರ್ಕ ಉಪಗ್ರಹಗಳ ಸುದ್ದಿ ಓದುವವರಿಗೆ ಈಚೆಗೆ ಗೊಂದಲವಾಗುತ್ತಿದ್ದರೆ ಅದು ಅವರ ತಪ್ಪಲ್ಲ. ಒಂದು ವಾರ ‘ಸ್ಟಾರ್‌ಲಿಂಕ್ ಬಂತು, ಭೂಸ್ಥಿರ ಉಪಗ್ರಹಗಳ ಕಾಲ ಮುಗೀತು’ ಎಂಬ ತಲೆಬರಹ ಬರುತ್ತದೆ. ಮುಂದಿನ ವಾರ ಯಾವುದೋ ದೊಡ್ಡ ಕಂಪನಿ ಅದೇ ಭೂಸ್ಥಿರ ಕಕ್ಷೆಗೆ, ಅಂದರೆ ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಎತ್ತರಕ್ಕೆ, ಹೊಸ ಉಪಗ್ರಹ ಕೊಳ್ಳುತ್ತದೆ. ಇದು ಹಳೆಯದರ ಹಾಗಲ್ಲ, ಮೇಲೆ ಹೋದ ಮೇಲೂ ಇದರ ಕೆಲಸವನ್ನು ನೆಲದಿಂದಲೇ ಬದಲಿಸಬಹುದು ಅನ್ನುತ್ತದೆ. ಆಮೇಲೆ ವರ್ಷಗಟ್ಟಲೆ ಸದ್ದೇ ಇರುವುದಿಲ್ಲ.

ಯುರೋಪಿನ ಏರ್‌ಬಸ್ ಕಂಪನಿ ಮಾಡಹೊರಟ, ಹೀಗೆ ಕೆಲಸ ಬದಲಿಸಬಲ್ಲ ‘ಒನ್‌ಸ್ಯಾಟ್’ ಎಂಬ ಉಪಗ್ರಹ ಮಾದರಿಯ ಕಥೆ ಹೀಗೇ ಸಾಗಿದೆ. 2019ರಲ್ಲಿ ಬ್ರಿಟನ್ನಿನ ಇನ್‌ಮಾರ್‌ಸ್ಯಾಟ್ ಕಂಪನಿ ಈ ಮಾದರಿಯ ಮೂರು ಉಪಗ್ರಹಗಳಿಗೆ ಆರ್ಡರ್ ಕೊಟ್ಟಿತು. 2020ರಲ್ಲಿ ಆಸ್ಟ್ರೇಲಿಯಾದ ಆಪ್ಟಸ್ ಒಂದನ್ನು ಕೇಳಿತು. 2021ರಲ್ಲಿ ಇಂಟೆಲ್‌ಸ್ಯಾಟ್ ಎರಡು, ಜಪಾನಿನ ಸ್ಕೈ ಪರ್ಫೆಕ್ಟ್ ಜೆಸ್ಯಾಟ್ ಒಂದು. 2023ರಲ್ಲಿ ಥಾಯ್ಲೆಂಡಿನ ಥೈಕಾಮ್. ಮೊದಲು ಆರ್ಡರ್ ಕೊಟ್ಟವರ ಉಪಗ್ರಹಗಳು 2023ರಲ್ಲೇ ಹಾರಬೇಕಿತ್ತು. 2025ರ ಮಧ್ಯದ ತನಕ ಒಂದೂ ನೆಲ ಬಿಟ್ಟಿರಲಿಲ್ಲ. ನಡುವೆ, 2024ರ ಜೂನ್‌ನಲ್ಲಿ, ತನ್ನ ಬಾಹ್ಯಾಕಾಶ ವಿಭಾಗದ ಲೆಕ್ಕದಲ್ಲಿ ಸುಮಾರು 90 ಕೋಟಿ ಯೂರೋ ಹೊಡೆತ ಬಿದ್ದಿದೆ ಎಂದು ಏರ್‌ಬಸ್ ಷೇರುದಾರರಿಗೆ ತಿಳಿಸಿತು.

ಕೊಳ್ಳುವವರಿಗೆ ಇಷ್ಟು ಬೇಕಾದ ವಸ್ತು, ಮಾಡುವವರಿಗೆ ಯಾಕೆ ಇಷ್ಟು ಕಷ್ಟವಾಯಿತು? ಉತ್ತರ ಎಂಜಿನಿಯರಿಂಗ್‌ನಲ್ಲಿ ಅರ್ಧ ಇದೆ, ವ್ಯಾಪಾರದಲ್ಲಿ ಅರ್ಧ ಇದೆ. ಭೂಸ್ಥಿರ ಉಪಗ್ರಹದ ವ್ಯಾಪಾರದಲ್ಲಿ ದೊಡ್ಡದೊಂದು ಅಪಾಯ ಮೊದಲಿಂದಲೂ ಇದೆ. ಕೆಲಸ ಬದಲಿಸುವ ಉಪಗ್ರಹ ಆ ಅಪಾಯವನ್ನು ಇಲ್ಲವಾಗಿಸುವುದಿಲ್ಲ. ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುತ್ತದೆ.

ಹದಿನೈದು ವರ್ಷ ಮುಂದಿನ ಲೆಕ್ಕ

ಭೂಮಧ್ಯರೇಖೆಯ ನೆತ್ತಿಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಭೂಮಿಯ ಜೊತೆ ಜೊತೆಗೇ ಸುತ್ತುತ್ತದೆ. ಕೆಳಗಿನಿಂದ ನೋಡಿದರೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ. ಮನೆಯ ಮೇಲಿನ ಡಿಶ್ ಅನ್ನು ಒಮ್ಮೆ ತಿರುಗಿಸಿ ಬಿಗಿದರೆ ಸಾಕು ಅನ್ನುವ ಅನುಕೂಲ ಬರುವುದು ಇದರಿಂದಲೇ. ಅಷ್ಟು ಎತ್ತರದಿಂದ ಭೂಮಿಯ ಸುಮಾರು ಮೂರನೇ ಒಂದು ಭಾಗ ಒಂದೇ ನೋಟಕ್ಕೆ ಕಾಣುತ್ತದೆ.

ಇಂಥ ಉಪಗ್ರಹದ ಆಯಸ್ಸು ಸಾಮಾನ್ಯವಾಗಿ 15 ವರ್ಷ. ಆರ್ಡರ್ ಕೊಟ್ಟ ಮೇಲೆ ಕಟ್ಟಿ ಹಾರಿಸಲು ಇನ್ನೂ ಮೂರು ವರ್ಷ ಬೇಕು. ಅಂದರೆ ಇಂದು ಮೇಜಿನ ಮುಂದೆ ಕೂತವರು 18 ವರ್ಷದ ತನಕ ಯಾವ ಊರಿಗೆ ಎಷ್ಟು ಸಿಗ್ನಲ್ ಬೇಕಾಗುತ್ತದೆ ಎಂದು ಈಗಲೇ ಊಹಿಸಬೇಕು. ಮಾಮೂಲಿ ಉಪಗ್ರಹದಲ್ಲಿ ಆ ಊಹೆ ಲೋಹದಲ್ಲೇ ಅಚ್ಚಾಗಿಬಿಡುತ್ತದೆ. ಆಂಟೆನಾದ ತಟ್ಟೆಯ ಮೇಲ್ಮೈಯನ್ನೇ ಅಲ್ಲಲ್ಲಿ ಉಬ್ಬಿಸಿ ತಗ್ಗಿಸಿ, ಸಿಗ್ನಲ್ ಇಂಥ ದೇಶದ ಗಡಿಯ ಆಕಾರದಲ್ಲೇ ಬೀಳುವ ಹಾಗೆ ಮಾಡಿರುತ್ತಾರೆ. ಸಿಗ್ನಲ್ ಹಿಡಿದು ಮತ್ತೆ ಕೆಳಗೆ ಕಳಿಸುವ ಒಂದೊಂದು ಘಟಕದ, ಅಂದರೆ ಟ್ರಾನ್ಸ್‌ಪಾಂಡರ್‌ನ, ಫ್ರೀಕ್ವೆನ್ಸಿ, ಅಗಲ, ಶಕ್ತಿ ಎಲ್ಲವೂ ಮೊದಲೇ ಗೊತ್ತಾಗಿರುತ್ತದೆ.

ನಮ್ಮದೇ ಜಿಸ್ಯಾಟ್-ಎನ್2 ನೋಡಿ. ಜಿಸ್ಯಾಟ್-20 ಎಂಬ ಹೆಸರಲ್ಲಿ ಶುರುವಾದ ಈ 4,700 ಕಿಲೋ ಉಪಗ್ರಹ 2024ರ ನವೆಂಬರ್‌ನಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ಟಿನಲ್ಲಿ ಹೋಯಿತು. ಸೆಕೆಂಡಿಗೆ 48 ಗಿಗಾಬಿಟ್ ಸಾಮರ್ಥ್ಯ, ಒಟ್ಟು 32 ಬೀಮ್ (ನೆಲದ ಒಂದೊಂದು ಭಾಗಕ್ಕೆ ಬೀಳುವ ಸಿಗ್ನಲ್ ಕಿರಣ). ಅದರಲ್ಲಿ 8 ಕಿರಿದಾದ ಬೀಮ್‌ಗಳು ಈಶಾನ್ಯ ರಾಜ್ಯಗಳಿಗೆ, 24 ಅಗಲವಾದವು ದೇಶದ ಉಳಿದ ಭಾಗಕ್ಕೆ. ಗುಡ್ಡಗಾಡು, ಫೈಬರ್ ಎಳೆಯುವುದು ಕಷ್ಟ, ಹಾಗಾಗಿ ಅಲ್ಲಿಗೆ ಕಿರಿದಾದ ಬೀಮ್‌ಗಳು. ಇದು ಇಂದಿಗೆ ಸರಿಯಾದ ಲೆಕ್ಕ. ಆದರೆ ಉಪಗ್ರಹದ ಆಯಸ್ಸು 14 ವರ್ಷ. ಅಷ್ಟರೊಳಗೆ ಈಶಾನ್ಯದ ಒಂದಷ್ಟು ಪಟ್ಟಣಗಳಿಗೆ ಫೈಬರ್ ಬಂತು, ಬೇಡಿಕೆ ಬೇರೆಲ್ಲೋ ಏರಿತು ಅಂದುಕೊಳ್ಳಿ. ಆ ಎಂಟು ಬೀಮ್‌ಗಳು ಅಲ್ಲೇ ಬೀಳುತ್ತಿರುತ್ತವೆ.

ಟಿವಿ ವಾಹಿನಿಗಳೇ ದೊಡ್ಡ ಗಿರಾಕಿಗಳಾಗಿದ್ದಾಗ ಇದು ಅಷ್ಟು ದೊಡ್ಡ ಸಮಸ್ಯೆ ಆಗಿರಲಿಲ್ಲ. ಟಿವಿಯ ಬೇಡಿಕೆ ವರ್ಷದಿಂದ ವರ್ಷಕ್ಕೆ ಹೆಚ್ಚು ಕದಲುತ್ತಿರಲಿಲ್ಲ. ಈಗ ಜನ ಮೊಬೈಲಲ್ಲೇ ನೋಡುತ್ತಾರೆ. ಭಾರತದಲ್ಲಿ 7 ಕೋಟಿಯ ಹತ್ತಿರ ಹೋಗಿದ್ದ ಡಿಟಿಎಚ್ ಚಂದಾದಾರರ ಸಂಖ್ಯೆ 2025ರ ಮಾರ್ಚ್ ಹೊತ್ತಿಗೆ 6 ಕೋಟಿಗಿಂತ ಕೆಳಗೆ ಇಳಿದಿತ್ತು. ಟಿವಿಯ ಜಾಗಕ್ಕೆ ಬಂದ ಗಿರಾಕಿಗಳೆಂದರೆ ವಿಮಾನ, ಹಡಗು, ಸೇನೆ, ದೂರದ ಮೊಬೈಲ್ ಟವರ್. ಇವರ್ಯಾರೂ ಒಂದೇ ಕಡೆ, ಒಂದೇ ಪ್ರಮಾಣದಲ್ಲಿ ಕೇಳುವವರಲ್ಲ. ಹಿಂದೆ ಜಗತ್ತಿನಲ್ಲಿ ವರ್ಷಕ್ಕೆ 20ರ ಆಸುಪಾಸು ಭೂಸ್ಥಿರ ಸಂಪರ್ಕ ಉಪಗ್ರಹಗಳಿಗೆ ಆರ್ಡರ್ ಬರುತ್ತಿತ್ತು. 2017ರ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗೆ ಬಿತ್ತು. ಕೊಳ್ಳುವವರ ಹತ್ತಿರ ದುಡ್ಡು ಇಲ್ಲದೆ ಅಲ್ಲ. ಏನನ್ನು ಕೊಳ್ಳಬೇಕು ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ.

ಬದಲಾಗುವುದು ಏನು?

ಹೊಸ ಬಗೆಯಲ್ಲಿ ಎರಡು ಮುಖ್ಯ ಭಾಗಗಳಿವೆ. ಮೊದಲನೆಯದು ಆಂಟೆನಾ. ಒಂದು ದೊಡ್ಡ ತಟ್ಟೆಯ ಮುಂದೆ ಸಿಗ್ನಲ್ ಬಿಡುವ ಒಂದು ಕೊಂಬಿನಾಕಾರದ ಕೊಳವೆ ಇಡುವ ಬದಲು ನೂರಾರು ಚಿಕ್ಕ ಆಂಟೆನಾಗಳನ್ನು ಸಾಲಾಗಿ ಜೋಡಿಸುತ್ತಾರೆ. ಒಂದೊಂದರಿಂದ ಹೊರಡುವ ಅಲೆಯನ್ನು ತುಸು ಮುಂದೆ, ತುಸು ಹಿಂದೆ ಮಾಡಿದರೆ ಅವೆಲ್ಲ ಸೇರಿ ಯಾವ ದಿಕ್ಕಿಗೆ ಗಟ್ಟಿಯಾಗಬೇಕೋ ಆ ದಿಕ್ಕಿಗೆ ಗಟ್ಟಿಯಾಗುತ್ತವೆ. ಏನೂ ತಿರುಗುವುದಿಲ್ಲ, ಅಲುಗಾಡುವುದಿಲ್ಲ. ಬೀಮ್ ಮಾತ್ರ ಜಾಗ ಬದಲಿಸುತ್ತದೆ, ಅಗಲವಾಗುತ್ತದೆ, ಕಿರಿದಾಗುತ್ತದೆ.

ಎರಡನೆಯದು ಡಿಜಿಟಲ್ ಪ್ರೊಸೆಸರ್. ಕೆಳಗಿನಿಂದ ಬಂದ ಸಿಗ್ನಲ್ ಅನ್ನು ಇದು ಅಂಕಿಗಳಾಗಿ ಮಾಡಿ, ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಯಾವ ತುಂಡು ಯಾವ ಬೀಮ್‌ಗೆ ಹೋಗಬೇಕೋ ಅಲ್ಲಿಗೆ ಕಳಿಸುತ್ತದೆ. ಹಳೆಯ ಉಪಗ್ರಹದಲ್ಲಿ ಈ ಕೆಲಸವನ್ನು ತಂತಿ, ಫಿಲ್ಟರ್, ಸ್ವಿಚ್‌ಗಳು ಮಾಡುತ್ತಿದ್ದವು. ಮುಂಬೈ ಬೀಮ್‌ಗೆ ಜೋಡಿಸಿದ್ದನ್ನು ಕೊಚ್ಚಿ ಬೀಮ್‌ಗೆ ಕೊಡುವ ಹಾಗಿರಲಿಲ್ಲ.

ಇದರ ಉಪಯೋಗ ವಿಮಾನದ ಇಂಟರ್ನೆಟ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ದೆಹಲಿ, ಮುಂಬೈ, ಬೆಂಗಳೂರಿಂದ ವಿಮಾನಗಳು ಒಟ್ಟೊಟ್ಟಿಗೆ ಏರುತ್ತವೆ. ಮಧ್ಯಾಹ್ನ ಚದುರಿ ಹೋಗುತ್ತವೆ. ರಾತ್ರಿ ಅರಬ್ಬಿ ಸಮುದ್ರದ ಮೇಲೆ ಗಲ್ಫ್ ಕಡೆಗೆ ಸಾಲು ಹಿಡಿಯುತ್ತವೆ. ಸ್ಥಿರ ಬೀಮ್ ಇರುವ ಉಪಗ್ರಹ ಈ ಮೂರೂ ಕಡೆ ಅತಿ ಹೆಚ್ಚು ದಟ್ಟಣೆಗೆ ಬೇಕಾದಷ್ಟು ಸಾಮರ್ಥ್ಯ ಇಟ್ಟುಕೊಂಡಿರಬೇಕು. ಉಳಿದ ಹೊತ್ತು ಅದು ಸುಮ್ನೆ ವ್ಯರ್ಥ. ಬದಲಿಸಬಲ್ಲ ಉಪಗ್ರಹ ಅದೇ ಸಾಮರ್ಥ್ಯವನ್ನು ಗಂಟೆಗಂಟೆಗೂ ಸರಿಸುತ್ತಾ ಹೋಗಬಹುದು.

ಇದು ಬರಿ ಕಾಗದದ ಮೇಲಿನ ಮಾತಲ್ಲ. 2021ರ ಜುಲೈ 30ರಂದು ಫ್ರೆಂಚ್ ಗಯಾನಾದ ಕೌರೂನಿಂದ ಹಾರಿದ ‘ಯೂಟೆಲ್‌ಸ್ಯಾಟ್ ಕ್ವಾಂಟಮ್’ ಇದನ್ನು ಮಾಡಿ ತೋರಿಸಿದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ, ಉಪಗ್ರಹ ಸೇವೆ ಕೊಡುವ ಯೂಟೆಲ್‌ಸ್ಯಾಟ್ ಕಂಪನಿ, ಏರ್‌ಬಸ್ ಸೇರಿ ಮಾಡಿದ ಉಪಗ್ರಹ ಅದು. ಕೆಯು ಎಂಬ ಫ್ರೀಕ್ವೆನ್ಸಿ ಬ್ಯಾಂಡ್‌ನ ಎಂಟು ಬೀಮ್‌ಗಳು. ಅವುಗಳ ಆಕಾರ, ಜಾಗ, ಶಕ್ತಿಯನ್ನು ನಿಮಿಷಗಳಲ್ಲಿ ಬದಲಿಸಬಹುದು. ಸಾಗುತ್ತಿರುವ ಹಡಗಿನ ಹಿಂದೆ ಬೀಮ್ ಕೂಡ ಸಾಗುತ್ತದೆ. ಯಾರಾದರೂ ಕೆಳಗಿನಿಂದ ಬೇಕೆಂದೇ ಅಡ್ಡ ಸಿಗ್ನಲ್ ಬಿಟ್ಟರೆ ಆ ದಿಕ್ಕಿನಿಂದ ಬರುವುದನ್ನು ಮಾತ್ರ ಕಿವಿಗೆ ಹಾಕಿಕೊಳ್ಳದ ಹಾಗೆ ಮಾಡಬಹುದು. ಸರ್ಕಾರಗಳಿಗೂ ಸೇನೆಗಳಿಗೂ ಇದರ ಮೇಲೆ ಕಣ್ಣು ಬೀಳಲು ಈ ಕೊನೆಯ ಗುಣವೇ ದೊಡ್ಡ ಕಾರಣ.

ಆದರೆ ಕ್ವಾಂಟಮ್‌ನದು ಎಂಟೇ ಬೀಮ್. ಒನ್‌ಸ್ಯಾಟ್ ಮಾಡಹೊರಟಿದ್ದು ಅದಕ್ಕಿಂತ ತುಂಬಾ ದೊಡ್ಡದು. ಉದಾಹರಣೆಗೆ ಥೈಕಾಮ್-10ಕ್ಕೆ ಗೊತ್ತು ಮಾಡಿರುವ ಸಾಮರ್ಥ್ಯ ಸೆಕೆಂಡಿಗೆ 120 ಗಿಗಾಬಿಟ್‌ಗೂ ಮೇಲೆ. ಅದರ ಅರ್ಧವನ್ನು 15 ವರ್ಷಕ್ಕೆ ತಾನು ತೆಗೆದುಕೊಳ್ಳುತ್ತೇನೆ ಎಂದು ಯೂಟೆಲ್‌ಸ್ಯಾಟ್ ಉಪಗ್ರಹ ಕಟ್ಟುವ ಮೊದಲೇ ಒಪ್ಪಂದ ಮಾಡಿಕೊಂಡಿತು.

ಸಾಫ್ಟ್‌ವೇರ್‌ಗೆ ಬಗ್ಗದ ಸಂಗತಿಗಳು

ಜಾಹೀರಾತಿನಲ್ಲಿ ‘ಪೂರ್ತಿ ಬದಲಿಸಬಹುದು’ ಎಂದು ಬರೆದಿರುತ್ತಾರೆ. ಪೂರ್ತಿ ಅಂತೂ ಅಲ್ಲ. ಒಂದೇ ಬೋರ್‌ವೆಲ್ ಇರುವ ತೋಟದಲ್ಲಿ ಗೇಟ್‌ವಾಲ್ವ್ ತಿರುಗಿಸಿ ಯಾವ ಸಾಲಿಗೆ ಬೇಕಾದರೂ ನೀರು ಬಿಡಬಹುದು. ಹಾಗಂತ ಬೋರ್‌ವೆಲ್‌ನಲ್ಲಿ ನೀರು ಜಾಸ್ತಿ ಆಗುವುದಿಲ್ಲ ಅಲ್ವಾ? ಉಪಗ್ರಹದ ಸೌರ ಫಲಕಗಳು ಕೊಡುವ ವಿದ್ಯುತ್ತೂ ಹಾಗೆಯೇ. ಒಂದು ಕಡೆ ಜಾಸ್ತಿ ಕೊಟ್ಟರೆ ಇನ್ನೊಂದು ಕಡೆ ಕಡಿಮೆ ಆಗಲೇಬೇಕು.

ಅದೂ ಅಲ್ಲದೆ, ಬದಲಿಸುವ ಗುಣಕ್ಕೇ ಒಂದಷ್ಟು ವಿದ್ಯುತ್ ಖರ್ಚಾಗುತ್ತದೆ. ಹಳೆಯ ಉಪಗ್ರಹಗಳ ಟ್ಯೂಬ್ ಆಂಪ್ಲಿಫೈಯರ್‌ಗಳು ತಮಗೆ ಬಂದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಿಗ್ನಲ್ ಆಗಿ ಹೊರಗೆ ಕೊಡುತ್ತವೆ. ನೂರಾರು ಚಿಕ್ಕ ಆಂಟೆನಾಗಳ ಹಿಂದೆ ಕೂರುವ ಪುಟ್ಟ ಅರೆವಾಹಕ ಆಂಪ್ಲಿಫೈಯರ್‌ಗಳಿಗೆ ಅಷ್ಟು ಸಾಧ್ಯವಿಲ್ಲ. ಉಳಿದದ್ದೆಲ್ಲ ಶಾಖ. ಪ್ರೊಸೆಸರ್ ಕೂಡ ಬಿಸಿಯಾಗುತ್ತದೆ. ನಿರ್ವಾತದಲ್ಲಿ ಗಾಳಿ ಇಲ್ಲ, ಫ್ಯಾನ್ ಹಾಕಿ ಪ್ರಯೋಜನ ಇಲ್ಲ. ಶಾಖವನ್ನು ಕೊಳವೆಗಳಲ್ಲಿ ಹರಿಸಿ, ದೊಡ್ಡ ಫಲಕಗಳ ಮೇಲ್ಮೈಯಿಂದ ಕಿರಣವಾಗಿ ಹೊರಗೆ ಬಿಡಬೇಕು. ಅಷ್ಟರಮಟ್ಟಿಗೆ ಉಪಗ್ರಹದ ತೂಕ ಹೆಚ್ಚುತ್ತದೆ. ಹಾಗಾಗಿ ಬೇಡಿಕೆ ಎಲ್ಲಿ, ಎಷ್ಟು ಎಂದು ಖಚಿತವಾಗಿ ಗೊತ್ತಿದ್ದರೆ ಹಳೆಯ ಬಗೆಯ ಉಪಗ್ರಹವೇ ಅಗ್ಗ. ಹೊಸದರಲ್ಲಿ ನಾವು ಕೊಡುವ ಹೆಚ್ಚಿನ ದುಡ್ಡು ‘ಗೊತ್ತಿಲ್ಲ’ ಎಂಬುದಕ್ಕೆ ಕಟ್ಟುವ ವಿಮೆ ಕಂತು.

ಬೀಮ್‌ನ ಅಳತೆಗೂ ಮಿತಿ ಇದೆ. ಕೆಎ ಬ್ಯಾಂಡ್‌ನಲ್ಲಿ ಕೆಳಗಿಳಿಯುವ ಸಿಗ್ನಲ್‌ನ ಫ್ರೀಕ್ವೆನ್ಸಿ ಸುಮಾರು 20 ಗಿಗಾಹರ್ಟ್ಸ್, ಅಲೆಯ ಉದ್ದ 1.5 ಸೆಂಟಿಮೀಟರ್. ಉಪಗ್ರಹದ ಆಂಟೆನಾ 2.5 ಮೀಟರ್ ಅಗಲ ಇದೆ ಅಂದುಕೊಂಡರೆ ಬೀಮ್‌ನ ಕೋನ 0.4 ಡಿಗ್ರಿಯಷ್ಟಾಗುತ್ತದೆ. ಅಷ್ಟು ಎತ್ತರದಿಂದ ಅದು ನೆಲ ಮುಟ್ಟುವಾಗ ಸುಮಾರು 250 ಕಿಲೋಮೀಟರ್ ಅಗಲದ ವೃತ್ತ. ಬೆಂಗಳೂರಿಂದ ಹಾಸನಕ್ಕೆ ರಸ್ತೆಯಲ್ಲಿ 180 ಕಿಲೋಮೀಟರ್. ಅಂದರೆ ಬೆಂಗಳೂರಿನ ಆಫೀಸು, ತುಮಕೂರಿನ ಬ್ಯಾಂಕ್ ಶಾಖೆ, ಸಕಲೇಶಪುರದ ದಾರಿಯ ಎಸ್ಟೇಟು ಎಲ್ಲವೂ ಒಂದೇ ವೃತ್ತದೊಳಗೆ ಬಿದ್ದು ಒಂದೇ ಪಾಲನ್ನು ಹಂಚಿಕೊಳ್ಳಬೇಕು. ಇದನ್ನು ಇನ್ನೂ ಚಿಕ್ಕದು ಮಾಡಬೇಕಾದರೆ ಆಂಟೆನಾ ದೊಡ್ಡದಾಗಬೇಕು. ಯಾವ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದಲೂ ಅದು ಆಗುವಂಥದ್ದಲ್ಲ.

ದೊಡ್ಡ ಆಂಟೆನಾ ಮಾಡಿದರೆ ಬೇರೆ ತಲೆನೋವು. 2023ರಲ್ಲಿ ಹಾರಿದ ‘ವಯಾಸ್ಯಾಟ್-3’ ಸರಣಿಯ ಮೊದಲ ಉಪಗ್ರಹ ಸೆಕೆಂಡಿಗೆ 1 ಟೆರಾಬಿಟ್ ಕೊಡಬೇಕಿತ್ತು. ಬೇಡಿಕೆ ಇದ್ದಲ್ಲಿಗೆ ಸಾಮರ್ಥ್ಯ ಸರಿಸುವ ಶಕ್ತಿ ಅದಕ್ಕೂ ಇತ್ತು. ಮೇಲೆ ಹೋದ ಮೇಲೆ ಮಡಚಿಟ್ಟ ದೊಡ್ಡ ಆಂಟೆನಾ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಉಳಿದದ್ದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಸಾಮರ್ಥ್ಯ. ವಿಮಾ ಕಂಪನಿಗಳ ಮುಂದೆ ಇಟ್ಟ ಬೇಡಿಕೆ ಸುಮಾರು 42 ಕೋಟಿ ಡಾಲರ್.

ಇನ್ನು ವಿಳಂಬ. ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ವಿಡಿಯೋ ಕಾಲ್‌ನಲ್ಲಿ ಇದು ಕಿರಿಕಿರಿ, ಸಿನಿಮಾ ನೋಡುವಾಗ ಗೊತ್ತೇ ಆಗುವುದಿಲ್ಲ.

ಕಾರ್ಖಾನೆಯಲ್ಲಿ ಏನಾಯಿತು?

ಮಾಡುವವರ ಲೆಕ್ಕಾಚಾರ ಕೇಳಲು ಚೆನ್ನಾಗಿತ್ತು. ಹಿಂದೆ ಒಂದೊಂದು ಉಪಗ್ರಹವೂ ಅಳತೆ ಕೊಟ್ಟು ಹೊಲಿಸಿದ್ದು. ಗಿರಾಕಿ ಬೇರೆ, ದೇಶ ಬೇರೆ, ಆಂಟೆನಾ ಬೇರೆ. ಈಗ ಆಕಾರ, ಫ್ರೀಕ್ವೆನ್ಸಿ ಎಲ್ಲ ಸಾಫ್ಟ್‌ವೇರ್‌ನಲ್ಲಿ ಇರುವುದಾದರೆ ಎಲ್ಲರಿಗೂ ಒಂದೇ ಯಂತ್ರ ಸಾಕು. ಒಂದೇ ಬಗೆಯದನ್ನು ಸಾಲಾಗಿ ಮಾಡಿದರೆ ಖರ್ಚು ಇಳಿಯುತ್ತದೆ, ಬೇಗ ಮುಗಿಯುತ್ತದೆ. ಆ ನಂಬಿಕೆಯ ಮೇಲೆ ಮೊದಲನೆಯದು ಹಾರುವ ಮುಂಚೆಯೇ ಎಂಟು ಉಪಗ್ರಹಗಳಿಗೆ ಆರ್ಡರ್ ಹಿಡಿದದ್ದಾಯಿತು.

ಇಲ್ಲಿ ಕೊಂಡಿ ಹೇಗೆ ಬೆಸೆಯಿತು ಅಂತ ನೋಡಬೇಕು. ಗಿರಾಕಿಯ ಊಹೆಯನ್ನು ಲೋಹದಲ್ಲಿ ಅಚ್ಚು ಹಾಕುತ್ತಿದ್ದಾಗ, ಊಹೆ ತಪ್ಪಿದರೆ ನಷ್ಟ ಗಿರಾಕಿಗೆ. ತಯಾರಕನದು ಹೇಳಿದ್ದನ್ನು ಕಟ್ಟಿಕೊಟ್ಟು ದುಡ್ಡು ಎಣಿಸುವ ಕೆಲಸ. ಈಗ ಗಿರಾಕಿ ‘ಏನು ಬೇಕೋ ಆಮೇಲೆ ಹೇಳ್ತೀನಿ, ಎಲ್ಲವನ್ನೂ ಮಾಡುವ ಹಾಗೆ ಕಟ್ಟಿಕೊಡು’ ಅನ್ನುತ್ತಾನೆ. ‘ಎಲ್ಲವನ್ನೂ’ ಎಂಬ ಪದದ ತೂಕ ಪೂರ್ತಿ ತಯಾರಕನ ಮೇಲೆ ಬಿತ್ತು. ಯಾವ ಜೋಡಣೆಯಲ್ಲೂ ಬಿಸಿ ಮಿತಿ ಮೀರಬಾರದು, ಒಂದು ಬೀಮ್ ಇನ್ನೊಂದಕ್ಕೆ ಅಡ್ಡ ಬರಬಾರದು, ವಿಕಿರಣ ಬಡಿದರೂ ಪ್ರೊಸೆಸರ್ 15 ವರ್ಷ ಕೆಡಬಾರದು. ಸ್ಥಿರ ಉಪಗ್ರಹವನ್ನು ಒಂದೇ ಜೋಡಣೆಯಲ್ಲಿ ಪರೀಕ್ಷಿಸಿದರೆ ಸಾಕಿತ್ತು. ಇಲ್ಲಿ ಪರೀಕ್ಷಿಸಬೇಕಾದ ಜೋಡಣೆಗಳಿಗೆ ಲೆಕ್ಕವಿಲ್ಲ. ಬೆಲೆ ಮಾತ್ರ ಮೊದಲೇ ನಿಗದಿ. ತಡವಾದಷ್ಟೂ ಖರ್ಚು ತಯಾರಕನ ಜೇಬಿಂದ.

ಏರ್‌ಬಸ್‌ಗೆ ಬಿದ್ದ 2024ರ ಆ 90 ಕೋಟಿ ಯೂರೋ ಹೊಡೆತಕ್ಕೆ ದೂರಸಂಪರ್ಕ ಉಪಗ್ರಹಗಳು ಮಾತ್ರ ಕಾರಣ ಅಲ್ಲ. ನ್ಯಾವಿಗೇಷನ್ ಮತ್ತು ಭೂವೀಕ್ಷಣೆಯ ಯೋಜನೆಗಳ ಪಾಲೂ ಇತ್ತು. ಆದರೂ ಪರಿಣಾಮ ದೊಡ್ಡದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಏರ್‌ಬಸ್ ತನ್ನ ರಕ್ಷಣೆ-ಬಾಹ್ಯಾಕಾಶ ವಿಭಾಗದಲ್ಲಿ 2,500 ಕೆಲಸಗಳ ತನಕ ಕಡಿತ ಮಾಡುವುದಾಗಿ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಏರ್‌ಬಸ್, ಫ್ರಾನ್ಸಿನ ಥೇಲ್ಸ್, ಇಟಲಿಯ ಲಿಯೊನಾರ್ಡೊ ಮೂರೂ ತಮ್ಮ ಬಾಹ್ಯಾಕಾಶ ವ್ಯವಹಾರಗಳನ್ನು ಒಂದೇ ಕಂಪನಿಗೆ ಸೇರಿಸಲು ಒಪ್ಪಂದಕ್ಕೆ ಸಹಿ ಹಾಕಿದವು. ಸುಮಾರು 25,000 ಉದ್ಯೋಗಿಗಳ ಆ ಕಂಪನಿ 2027ರಲ್ಲಿ ಕೆಲಸ ಶುರು ಮಾಡಬೇಕೆಂಬ ಯೋಜನೆ. ಇದರಲ್ಲೊಂದು ಸ್ವಾರಸ್ಯ ಇದೆ. ಥೇಲ್ಸ್‌ನದೂ ಇದೇ ಬಗೆಯ ‘ಸ್ಪೇಸ್ ಇನ್‌ಸ್ಪೈರ್’ ಎಂಬ ಮಾದರಿ ಇದೆ, ಎಸ್‌ಇಎಸ್-26, ಅರಬ್‌ಸ್ಯಾಟ್-7ಎ, ಜೆಸ್ಯಾಟ್-31 ಅದೇ ಮಾದರಿಯವು. ಒಬ್ಬರಿಗೊಬ್ಬರು ಪೈಪೋಟಿ ಕೊಡಲು ಹೊರಟ ಎರಡು ಮಾದರಿಗಳು ಒಂದೇ ಮಾಲೀಕನ ಕೈಗೆ ಬರುತ್ತವೆ. ಎರಡನ್ನೂ ಮುಂದುವರಿಸುತ್ತಾರೆ ಎಂದು ನಂಬುವುದು ಕಷ್ಟ.

ಮೂರು ಬಣಗಳ ವಾದ

ಕೆಳಕಕ್ಷೆಯವರು ಹೇಳುವುದು ಸರಳ. ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿವೆ, 7 ಸಾವಿರಕ್ಕೂ ಹೆಚ್ಚು. ಐದು ವರ್ಷಕ್ಕೆ ಹಳತಾಗುತ್ತವೆ, ಹೊಸದು ಹಾರಿಸುತ್ತಾರೆ. ಯಂತ್ರವನ್ನೇ ಪದೇ ಪದೇ ಬದಲಿಸುವವರಿಗೆ ಮೇಲಿರುವುದನ್ನು ಬದಲಿಸುವ ಸರ್ಕಸ್ ಯಾಕೆ ಅನ್ನುವುದು ಅವರ ಪ್ರಶ್ನೆ. ಗಟ್ಟಿ ವಾದವೇ. ಆದರೆ ಆ ಉಪಗ್ರಹಗಳು ಸುತ್ತುತ್ತಲೇ ಇರುವುದರಿಂದ ಅವುಗಳ ಹೆಚ್ಚಿನ ಸಮಯ ಸಾಗರ, ಮರುಭೂಮಿಗಳ ಮೇಲೆಯೇ ಕಳೆಯುತ್ತದೆ. ಒಂದು ದೇಶಕ್ಕೆ ಮಾತ್ರ ಸೇವೆ ಬೇಕೆಂದರೂ ಜಗತ್ತನ್ನೆಲ್ಲ ತುಂಬುವಷ್ಟು ಹಾರಿಸಬೇಕು. ಅಷ್ಟು ದುಡ್ಡು ಇರುವವರು ಬೆರಳೆಣಿಕೆಯ ಮಂದಿ.

ಎರಡನೆಯ ಬಣ ಚಿಕ್ಕ ಭೂಸ್ಥಿರ ಉಪಗ್ರಹದವರದು. ಅಮೆರಿಕದ ಆಸ್ಟ್ರಾನಿಸ್ 400 ಕಿಲೋ ಆಸುಪಾಸಿನ ಉಪಗ್ರಹ ಮಾಡುತ್ತದೆ. ಸಿಗ್ನಲ್‌ನ ಕೆಲಸ ಸಾಫ್ಟ್‌ವೇರ್‌ನಲ್ಲೇ ನಡೆಯುತ್ತದೆ, ಬೆಲೆ ಕಡಿಮೆ, ಒಬ್ಬ ಗಿರಾಕಿಗೆ ಒಂದು. ಅಲಾಸ್ಕಾಗೆಂದು 2023ರಲ್ಲಿ ಹಾರಿಸಿದ ಮೊದಲನೆಯದು ಸೌರ ಫಲಕ ತಿರುಗಿಸುವ ಸಾಧನ ಕೆಟ್ಟು ಕೈಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಕಂಪನಿ ಒಟ್ಟಿಗೆ ನಾಲ್ಕನ್ನು ಹಾರಿಸಿತು. ಅದರಲ್ಲೊಂದನ್ನು ಎಲ್ಲಿ ಅಗತ್ಯ ಬಿದ್ದರೆ ಅಲ್ಲಿಗೆ ಒಯ್ಯುವ ಬದಲಿ ಉಪಗ್ರಹವಾಗಿಯೇ ಇಟ್ಟುಕೊಂಡಿದೆ.

ದೊಡ್ಡ ಬದಲಿಸಬಲ್ಲ ಉಪಗ್ರಹದ ಪರ ಇರುವವರ ಅತ್ಯಂತ ಬಲವಾದ ವಾದ ನನಗೆ ಕಾಣುವ ಮಟ್ಟಿಗೆ ಇಂಟರ್ನೆಟ್ ವೇಗದ್ದಲ್ಲ, ಬದಲಿ ವ್ಯವಸ್ಥೆಯದು. 2024ರ ಅಕ್ಟೋಬರ್ 19ರಂದು ‘ಇಂಟೆಲ್‌ಸ್ಯಾಟ್ 33ಇ’ ಕಕ್ಷೆಯಲ್ಲೇ ಒಡೆದು ಚೂರಾಯಿತು. 2016ರಲ್ಲಿ ಹಾರಿದ್ದು, 15 ವರ್ಷ ಬಾಳಬೇಕಿತ್ತು. ಯುರೋಪ್, ಆಫ್ರಿಕಾ, ಏಷ್ಯಾದ ಕೆಲವು ಭಾಗಗಳ ಗಿರಾಕಿಗಳನ್ನು ಬೇರೆ ಬೇರೆ ಉಪಗ್ರಹಗಳಿಗೆ ದಾಟಿಸಬೇಕಾಯಿತು. ಸ್ಥಿರ ಬೀಮ್‌ಗಳ ಲೋಕದಲ್ಲಿ ಒಂದರ ಜಾಗವನ್ನು ಇನ್ನೊಂದು ತುಂಬುವುದು ಅದೃಷ್ಟದ ಮಾತು. ಬದಲಿಸಬಲ್ಲ ಉಪಗ್ರಹವೊಂದು ಕಕ್ಷೆಯಲ್ಲಿದ್ದರೆ ಸತ್ತುಹೋದದ್ದರ ಬೀಮ್ ಆಕಾರ, ಫ್ರೀಕ್ವೆನ್ಸಿಯನ್ನು ಸುಮಾರಾಗಿ ನಕಲು ಮಾಡಿ ಅದರ ಜಾಗದಲ್ಲಿ ನಿಲ್ಲಬಹುದು. ಹತ್ತು ಉಪಗ್ರಹ ಇರುವ ಕಂಪನಿಗೆ ಇಂಥದ್ದೊಂದು ಇದ್ದರೆ ಹತ್ತಕ್ಕೂ ಕಾವಲು.

ಕಾನೂನು ಎಲ್ಲಿ ನಿಲ್ಲುತ್ತದೆ?

ಉಪಗ್ರಹ ಬದಲಾದಷ್ಟು ಸುಲಭವಾಗಿ ಅನುಮತಿಗಳು ಬದಲಾಗುವುದಿಲ್ಲ. ಯಾವ ರೇಖಾಂಶದಲ್ಲಿ ಯಾವ ಫ್ರೀಕ್ವೆನ್ಸಿ, ಎಷ್ಟು ಶಕ್ತಿ ಎಂಬುದನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ದೇಶಗಳು ಮೊದಲೇ ದಾಖಲಿಸಿ, ಅಕ್ಕಪಕ್ಕದ ಉಪಗ್ರಹದವರ ಜೊತೆ ಮಾತಾಡಿ ಒಪ್ಪಿಸಿರಬೇಕು. ಬೀಮ್ ಅನ್ನು ನಿಮಿಷದಲ್ಲಿ ಸರಿಸಬಹುದು, ಆ ದಾಖಲೆಯ ಚೌಕಟ್ಟಿನಾಚೆ ಸರಿಸುವ ಹಾಗಿಲ್ಲ. ಕೆಳಗಿನ ದೇಶದ ಒಪ್ಪಿಗೆಯೂ ಬೇಕು.

ಇದೇ ನಿಯಮದಿಂದ ಇಂಥ ಉಪಗ್ರಹಕ್ಕೆ ಹೊರಗೆ ಯಾರೂ ಹೆಚ್ಚು ಮಾತಾಡದ ಒಂದು ಕೆಲಸವೂ ಹುಟ್ಟಿದೆ. ದಾಖಲಿಸಿದ ಜಾಗವನ್ನು ಏಳು ವರ್ಷದೊಳಗೆ ಬಳಸಬೇಕು, ಇಲ್ಲದಿದ್ದರೆ ಹಕ್ಕು ಹೋಗುತ್ತದೆ. ಆ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡಬಲ್ಲ ಉಪಗ್ರಹ ಅಲ್ಲಿ 90 ದಿನ ನಿಂತಿದ್ದರೆ ಬಳಸಿದ ಹಾಗೆ ಲೆಕ್ಕ. ಹಲವು ಫ್ರೀಕ್ವೆನ್ಸಿಗೆ ಹೊಂದಿಕೊಳ್ಳುವ ಉಪಗ್ರಹ ಇದ್ದರೆ ಹೊಸದು ಬರುವ ತನಕ ಜಾಗ ಹಿಡಿದಿಡಲು ಅನುಕೂಲ. ಬಸ್ ಸೀಟಿಗೆ ಕರ್ಚೀಫ್ ಹಾಕುವವರ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಆತಂಕ ಭದ್ರತೆಯದು. 2022ರ ಫೆಬ್ರುವರಿ 24ರಂದು, ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿದ ದಿನ, ಕೆಎ-ಸ್ಯಾಟ್ ಉಪಗ್ರಹದ ಜಾಲದ ಮೇಲೆ ಸೈಬರ್ ದಾಳಿ ನಡೆಯಿತು. ಉಪಗ್ರಹಕ್ಕೆ ಏನೂ ಆಗಲಿಲ್ಲ. ನೆಲದ ನಿರ್ವಹಣಾ ಜಾಲದೊಳಗೆ ನುಗ್ಗಿದವರು ಸಾವಿರಾರು ಮನೆ, ಕಚೇರಿಗಳ ಮೋಡೆಮ್‌ಗಳನ್ನು ಕೆಡಿಸಿದರು. ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣ ಸಂಪರ್ಕ ಕಡಿದುಹೋಯಿತು. ಮಾಮೂಲಿ ಉಪಗ್ರಹದಲ್ಲೇ ಇಷ್ಟಾಯಿತು. ಬೀಮ್, ಶಕ್ತಿ, ದಾರಿ ಎಲ್ಲವೂ ಆಜ್ಞೆಯಿಂದಲೇ ಬದಲಾಗುವ ಉಪಗ್ರಹದಲ್ಲಿ ನೆಲದ ಕೋಣೆಗೆ ನುಗ್ಗಿದವರ ಕೈಗೆ ಸಿಗುವುದು ಇನ್ನೂ ಹೆಚ್ಚು.

ಭಾರತದ ಲೆಕ್ಕ

ನಮ್ಮಲ್ಲಿ ಬಾಹ್ಯಾಕಾಶ ಕ್ಷೇತ್ರದ 2020ರ ಸುಧಾರಣೆಗಳ ನಂತರ ಹೊಸ ನೀತಿ ಬಂತು: ಮೊದಲು ಗಿರಾಕಿ, ಆಮೇಲೆ ಉಪಗ್ರಹ. ಇಸ್ರೋದ ವಾಣಿಜ್ಯ ಸಂಸ್ಥೆ ಎನ್‌ಎಸ್‌ಐಎಲ್ ಆ ಲೆಕ್ಕದಲ್ಲಿ ಮೊದಲು ಹಾರಿಸಿದ್ದು 2022ರ ಜೂನ್‌ನ ಜಿಸ್ಯಾಟ್-24. ಅದರ 24 ಟ್ರಾನ್ಸ್‌ಪಾಂಡರ್‌ಗಳೂ ಟಾಟಾ ಪ್ಲೇಗೆ. ಇಂಥ ಕಡೆ ಬದಲಿಸುವ ಗುಣಕ್ಕೆ ದುಡ್ಡು ಸುರಿಯುವುದು ದಂಡ. ಏನು ಬೇಕೆಂದು ಗಿರಾಕಿಗೆ ಗೊತ್ತಿದೆ, ಪೂರ್ತಿ ಅವನೇ ತೆಗೆದುಕೊಂಡಿದ್ದಾನೆ. ಆದರೆ ಅದೇ ನೀತಿಯಲ್ಲಿ ಒಂದು ಬಿರುಕೂ ಇದೆ. ಡಿಟಿಎಚ್ ಇಳಿಮುಖವಾಗಿರುವಾಗ 15 ವರ್ಷ ಒಬ್ಬನೇ ಗಿರಾಕಿಯನ್ನು ನೆಚ್ಚಿದ ಉಪಗ್ರಹಕ್ಕೆ, ಆ ಗಿರಾಕಿಯ ವ್ಯಾಪಾರ ಸೊರಗಿದರೆ ಬೇರೆ ಕೆಲಸ ಗೊತ್ತಿರುವುದಿಲ್ಲ.

ಖಾಸಗಿಯವರು ಬಂದರೆ ಲೆಕ್ಕ ಬೇರೆಯಾಗುತ್ತದೆ. ಹೈದರಾಬಾದಿನ ಅನಂತ್ ಟೆಕ್ನಾಲಜೀಸ್ 2028ರ ಹೊತ್ತಿಗೆ ಸೆಕೆಂಡಿಗೆ 100 ಗಿಗಾಬಿಟ್‌ನ ಭೂಸ್ಥಿರ ಉಪಗ್ರಹದಿಂದ ಬ್ರಾಡ್‌ಬ್ಯಾಂಡ್ ಕೊಡುವ ಯೋಜನೆ ಹಾಕಿದೆ. ಆ ಹೊತ್ತಿಗೆ ಸ್ಟಾರ್‌ಲಿಂಕ್, ಒನ್‌ವೆಬ್, ಜಿಯೋ ಎಲ್ಲರೂ ಇದೇ ಗಿರಾಕಿಗಳನ್ನು ಹುಡುಕುತ್ತಿರುತ್ತಾರೆ. ಯಾವ ಜಿಲ್ಲೆಯಲ್ಲಿ ಯಾರು ಉಳಿಯುತ್ತಾರೆ ಎಂದು ಈಗ ಹೇಳಬಲ್ಲವರಿಲ್ಲ. ವಿಮಾನಗಳ ಪ್ರಶ್ನೆಯೂ ಇದೆ. 2024ರ ನವೆಂಬರ್‌ನ ನಿಯಮದಂತೆ ಭಾರತದ ಆಕಾಶದಲ್ಲಿ ವಿಮಾನ 3,000 ಮೀಟರ್ ದಾಟಿದ ಮೇಲೆ ಪ್ರಯಾಣಿಕರಿಗೆ ವೈಫೈ ಕೊಡಬಹುದು. ಇದು ಹೇಳಿ ಕೇಳಿ ಓಡಾಡುವ ಬೇಡಿಕೆ.

ವಿಪತ್ತಿನ ಹೊತ್ತಿನಲ್ಲೂ ಉಪಯೋಗ ಇದೆ, ಆದರೆ ಅದನ್ನು ಉತ್ಪ್ರೇಕ್ಷೆ ಮಾಡಬಾರದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಆದಂತೆ ರಸ್ತೆ, ವಿದ್ಯುತ್, ಟವರ್ ಒಟ್ಟಿಗೆ ಕೈಕೊಟ್ಟರೆ, ಬೇರೆಡೆಯ ಸಾಮರ್ಥ್ಯವನ್ನು ನಾಲ್ಕು ದಿನ ಅಲ್ಲಿಗೆ ಸರಿಸಬಹುದು. ಆದರೆ ಕೆಳಗೆ ಅದನ್ನು ಹಿಡಿಯುವ ಡಿಶ್, ಬ್ಯಾಟರಿ, ನಡೆಸಬಲ್ಲ ಮನುಷ್ಯ ಮೊದಲೇ ಸಿದ್ಧವಿರಬೇಕು. ತಾಲ್ಲೂಕು ಕಚೇರಿಯಲ್ಲಿ ಟರ್ಮಿನಲ್ ಇಲ್ಲದಿದ್ದರೆ ಮೇಲಿನ ಬೀಮ್ ಮಳೆಯ ಮೇಲೆ ಬೀಳುತ್ತದೆ ಅಷ್ಟೇ.

ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು 1980ರ ದಶಕದಿಂದ ನೋಡಿಕೊಳ್ಳುತ್ತಿರುವುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಉಪಗ್ರಹ ಜಾಗ ಬಿಟ್ಟು ಜರುಗದಂತೆ ಕಾಯುವುದು, ಅದರ ಆರೋಗ್ಯ ನೋಡುವುದು, ಉಪಗ್ರಹ ಭೂಮಿಯ ನೆರಳಿಗೆ ಬೀಳುವ ಗ್ರಹಣದ ಕಾಲದಲ್ಲಿ ಬ್ಯಾಟರಿ ಮೇಲೆ ಕಣ್ಣಿಡುವುದು ಅಲ್ಲಿನ ಮಾಮೂಲಿ ಕೆಲಸ. ಬದಲಿಸಬಲ್ಲ ಉಪಗ್ರಹ ಬಂದರೆ ದಿನಕ್ಕೆ ಹತ್ತಾರು ಸಲ ಬೀಮ್ ಯೋಜನೆ ಹಾಕಿ, ಅಕ್ಕಪಕ್ಕದವರಿಗೆ ತೊಂದರೆ ಇಲ್ಲವೆಂದು ಲೆಕ್ಕ ಮಾಡಿ, ಆಮೇಲೆ ಆಜ್ಞೆ ಕಳಿಸುವ ಇನ್ನೊಂದು ಪೂರ್ತಿ ವ್ಯವಸ್ಥೆ ಬೇಕಾಗುತ್ತದೆ. ಆ ಸಾಫ್ಟ್‌ವೇರ್ ಯಾರದು ಅನ್ನುವುದು ಉಪಗ್ರಹ ಯಾರದು ಅನ್ನುವಷ್ಟೇ ಮುಖ್ಯ. ವಿದೇಶಿ ತಯಾರಕನಿಂದ ಇಂಥ ಉಪಗ್ರಹ ಕೊಂಡು, ಬೀಮ್ ಸರಿಸಲು ಪ್ರತಿ ಸಲ ಅವನ ಲೈಸೆನ್ಸ್ ಇರುವ ಸಾಧನವನ್ನೇ ತೆರೆಯಬೇಕಾದರೆ, ಗಡಿಯಲ್ಲಿ ತಂಟೆ ಎದ್ದ ರಾತ್ರಿ ಆ ಲೈಸೆನ್ಸ್ ನಡೆಯುತ್ತದೋ ಇಲ್ಲವೋ ಎಂಬುದನ್ನು ಕರಾರಿನಲ್ಲೇ ಬರೆಸಿಕೊಂಡಿರಬೇಕು. ಬಾಹ್ಯಾಕಾಶ ಚಟುವಟಿಕೆಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್ ಈಗಾಗಲೇ ಭಾರತದಲ್ಲಿ ಸೇವೆ ಕೊಡುವ ವಿದೇಶಿ ಭೂಸ್ಥಿರ ಉಪಗ್ರಹಗಳೂ ತನ್ನ ಅನುಮತಿ ಪಡೆಯಬೇಕೆಂದು ನಿಯಮ ಮಾಡಿದೆ. ಬೀಮ್ ಬದಲಾದಾಗ ಮತ್ತೆ ಕೇಳಬೇಕೋ, ಒಮ್ಮೆ ಕೊಟ್ಟ ಅನುಮತಿ ಎಲ್ಲ ಆಕಾರಕ್ಕೂ ಸಲ್ಲುತ್ತದೋ ಎಂಬ ಪ್ರಶ್ನೆ ಒನ್‌ಸ್ಯಾಟ್ ಜಾತಿಯ ಮೊದಲ ಉಪಗ್ರಹ ಈ ಕಡೆಯ ಆಕಾಶಕ್ಕೆ ಬಂದ ದಿನ ಅದರ ಮೇಜಿನ ಮೇಲೆ ಬರುತ್ತದೆ.